ಚುಕ್ಕೆ ಇಲ್ಲದ ಅಕ್ಷರ

ಮಾದ್ಲೆನ್ ಅಜ್ಜಿ ಮೊಮ್ಮಗಳ ಜನನ ಪ್ರಮಾಣಪತ್ರವನ್ನು ನೋಂದಣಿ ಕಚೇರಿಯ ಕೌಂಟರಿನ ಮೇಲಿಟ್ಟು ಹೆಸರಿನ ಮೇಲೆ ಬೆರಳೂರಿದಳು. ‘ನಾ?ಎ’ ಎಂದು ಅಚ್ಚಾಗಿತ್ತು.

“ನನ್ನ ಅಕ್ಷರಕ್ಕೆ ಚುಕ್ಕೆ ಇಟ್ಟೋರು ಯಾರು?”

ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಡಂಕನ್ ಊಟಕ್ಕೆ ಹೊರಟಿದ್ದ. ಹೊರಗೆ ಮೈನಸ್ ಮೂವತ್ತೆಂಟು ಡಿಗ್ರಿ ಚಳಿ. ಕೋಟು ಹಾಕಿ ಮುಗಿಸುವುದಕ್ಕೇ ಐದು ನಿಮಿಷ ಹಿಡಿದಿತ್ತು. ಬಗ್ಗಿ ನೋಡಿದ. ಅಲ್ಲಿ ಇರಬೇಕಾದದ್ದು ‘ʔ’, ಆ ಹಿಮನಾಡಿನ ಮೂಲನಿವಾಸಿಗಳಾದ ಡೆನೆ ಜನರ ಅಕ್ಷರ. ಪ್ರಶ್ನೆ ಚಿಹ್ನೆಯ ಹಾಗೇ ಇದೆ, ಕೆಳಗೆ ಚುಕ್ಕೆ ಮಾತ್ರ ಇಲ್ಲ.

“ದಾಖಲೆ ಒಳಗೆ ಸರಿಯಾಗೇ ಇದೆ ಅಜ್ಜಿ. ಪ್ರಿಂಟಿಗೆ ಕಳಿಸೋಕೆ ಅದನ್ನ ಬರೀ ಅಕ್ಷರಗಳ ಫೈಲ್ ಮಾಡ್ತೀವಿ. ಆಗ ಗುರುತು ಸಿಗದ ಅಕ್ಷರ ಬಂದ್ರೆ ಪ್ರೋಗ್ರಾಮು ಪ್ರಶ್ನೆ ಚಿಹ್ನೆ ಹಾಕಿಬಿಡುತ್ತೆ.”

“ಅದನ್ನ ಬರೆದ ಪುಣ್ಯಾತ್ಮ ಯಾರಪ್ಪಾ?”

“ನಾನೇ.”

“ನಮ್ಮಮ್ಮನ ಕಾಲದ ಪಾದ್ರೀನೂ ಹಿಂಗೇ. ಗುರುತು ಸಿಗದ ಹೆಸರು ಬಂದ್ರೆ ಮೇರಿ ಅಂತ ಬರ್ಕೊಳ್ಳೋನು. ನಮ್ಮೂರಲ್ಲಿ ಹದಿನೇಳು ಮೇರಿ ಇದ್ರು. ಅಮ್ಮನ ಹೆಸರು ನಾʔಎ. ಗೋರಿ ಮೇಲೂ ಮೇರಿ ಅಂತಲೇ ಇದೆ. ಆ ಹೆಸರು ಈ ಕೂಸಿಗಾದ್ರೂ ಸರಿಯಾಗಿ ಸಿಗ್ಲಿ ಅಂತ ಬಂದಿದೀನಿ.”

ಪಾಪ, ಡಂಕನ್ ಕೆಟ್ಟವನಲ್ಲ. ಹಸಿದಿದ್ದ, ಅಷ್ಟೇ. ಒಂದು ಒಪ್ಪಿಗೆ ಪತ್ರ ಮುಂದಿಟ್ಟ. “ಇಲ್ಲೊಂದು ಸಹಿ ಹಾಕಿಬಿಡಿ. ಆ ಜಾಗಕ್ಕೆ ಅಡ್ಡಗೆರೆ ಹಾಕ್ತೀವಿ. ನೋಡೋಕೂ ಚೆನ್ನಾಗಿರುತ್ತೆ.”

“ನಿನ್ನ ಹೆಸರಲ್ಲಿ ‘ಡ’ ತೆಗೆದು ಅಡ್ಡಗೆರೆ ಎಳೀಲಾ? ನೋಡೋಕೂ ಚೆನ್ನಾಗಿರುತ್ತೆ.” ಅಜ್ಜಿ ಪೆನ್ನು ಮುಟ್ಟಲಿಲ್ಲ.

ಡಂಕನ್ ಕೋಟಿನಲ್ಲೇ ನಿಂತು ಪ್ರೋಗ್ರಾಮಿನ ಒಂದು ಸಾಲು ತಿದ್ದಿದ. ಗುರುತು ಸಿಗದಿದ್ದರೆ ಪ್ರಶ್ನೆ ಚಿಹ್ನೆ ಬೇಡ, ಆ ಅಕ್ಷರದ ಸಂಕೇತ ಸಂಖ್ಯೆ ಬರೆ ಎಂದ. ಪ್ರೋಗ್ರಾಮು ಬರೆಯಿತು. ಸಂಖ್ಯೆಯನ್ನು ಮತ್ತೆ ಅಕ್ಷರ ಮಾಡಿಕೋ ಎಂದು ಪ್ರಿಂಟರಿಗೆ ಯಾರೂ ಹೇಳಿರಲಿಲ್ಲ. ಹೊಸ ಪ್ರಮಾಣಪತ್ರ ಬಿಸಿಬಿಸಿಯಾಗಿ ಹೊರಬಂತು: ‘ನಾ\u0294ಎ’.

“ಅ–ಓ,” ಅಂದ ಡಂಕನ್. ಎಡವಟ್ಟಾದಾಗ ಅಲ್ಲಿ ಎಲ್ಲರ ಬಾಯಲ್ಲೂ ತಾನಾಗಿ ಬರುವ ಮಾತು ಅದು.

ಅಜ್ಜಿ ಥಟ್ಟನೆ ಬೆರಳೆತ್ತಿದಳು. “ಅದೇ!”

“ಯಾವ್ದು?”

“‘ಅ’ ಅಂದ್ಮೇಲೆ ‘ಓ’ ಅನ್ನೋಕೆ ಮುಂಚೆ ಗಂಟಲು ಟಪ್ ಅಂತ ಮುಚ್ಕೊಳ್ತಲ್ಲ, ಅದೇ ಕಣೋ ನನ್ನ ಅಕ್ಷರ. ಇನ್ನೊಂದ್ಸಲ ಅನ್ನು.”

ಡಂಕನ್ ಅಂದ. ಉಚ್ಚಾರಣೆಯಲ್ಲಿ ಒಂದು ದೋಷವೂ ಇರಲಿಲ್ಲ.

“ವಯಸ್ಸೆಷ್ಟು ನಿಂಗೆ?”

“ಮೂವತ್ನಾಲ್ಕು.”

“ಮೂವತ್ನಾಲ್ಕು ವರ್ಷದಿಂದ, ತಪ್ಪು ಮಾಡಿದಾಗೆಲ್ಲ ನಮ್ಮಮ್ಮನ ಅಕ್ಷರಾನೇ ಹೇಳ್ತಾ ಇದೀಯ. ಗುರುತು ಸಿಗಲಿಲ್ವಂತೆ!”

ಡಂಕನ್ ಒಪ್ಪಿಗೆ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.