ಕ್ಷಮೆ ಕೇಳದವಳು

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೇಮಲತಾಳನ್ನು ಪೊಲೀಸರು ಹಾಗೇ ಎಬ್ಬಿಸಿಕೊಂಡು ಹೋದರು. ನೆರೆಯ ದೇಶದ ಜೊತೆ ಇವತ್ತೋ ನಾಳೆಯೋ ಯುದ್ಧವೆಂದು ಟಿವಿಗಳು ಕೂಗುತ್ತಿದ್ದ ವಾರ ಅದು. ನಂಜನಗೂಡಿನ ತನ್ನ ಟೈಲರ್ ಅಂಗಡಿಯ ಬಾಗಿಲಿಗೆ ಅವಳೊಂದು ರಟ್ಟು ತೂಗುಹಾಕಿದ್ದಳು: 'ಯುದ್ಧ ಬೇಡ. ಎರಡೂ ಕಡೆಯ ಮಕ್ಕಳು ಮನೆ ಸೇರಲಿ.' ಅವಳ ಗಂಡ ರಘು ಸೈನಿಕ. ಆಗ ಗಡಿಯಲ್ಲೇ ಇದ್ದ.

"ಎರಡೂ ಕಡೆ ಅಂದ್ರೇನಮ್ಮ? ಶತ್ರುಗಳ ಮೇಲೆ ಅಷ್ಟೊಂದು ಪ್ರೀತೀನಾ?" ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದರು. "ತಪ್ಪಾಯ್ತು ಅಂತ ಕಂಪ್ಲೇಂಟ್ ಕೊಟ್ಟು ಹೊರಗೆ ನಿಂತಿರೋ ಹುಡುಗರ ಮುಂದೆ ಹೇಳಿಬಿಡು. ವಿಡಿಯೋ ಮಾಡ್ಕೊಂಡು ಹೋಗ್ತಾರೆ. ಇಲ್ಲಾಂದ್ರೆ ದೇಶದ್ರೋಹದ ಕೇಸು."

"ತಪ್ಪು ಬರೆದಿಲ್ಲ ಸಾರ್." ಅಂದಳು ಹೇಮಲತಾ.

ಇನ್ಸ್‌ಪೆಕ್ಟರ್ ಹೆಡತಲೆ ಎಂಬ ಹಳ್ಳಿಯಲ್ಲಿದ್ದ ಅವಳ ಅತ್ತೆಗೆ ಹೇಳಿಕಳಿಸಿದರು. ಅಂಗಡಿ ತೆರೆದ ದಿನದಿಂದ ಅತ್ತೆ ಸೊಸೆಗೆ ಅಷ್ಟಕ್ಕಷ್ಟೆ ಎಂಬುದು ಅವರ ಕಿವಿಗೂ ಬಿದ್ದಿತ್ತು.

ಮಧ್ಯಾಹ್ನ ಅತ್ತೆ ಮುತ್ತಮ್ಮ ಗೂಡ್ಸ್ ಆಟೋದಲ್ಲಿ ಬಂದಿಳಿದಳು. ಹಿಂದೆಯೇ ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರು.

"ನಿಮ್ಮ ಸೊಸೆಗೆ ಸ್ವಲ್ಪ ಬುದ್ಧಿ ಹೇಳಿ," ಅಂದರು ಇನ್ಸ್‌ಪೆಕ್ಟರ್.

ಮುತ್ತಮ್ಮ ಸೊಸೆಯ ಮುಖವನ್ನೇ ನೋಡಿದಳು. "ಉಂಡ್ಯಾ?"

ಹೇಮಲತಾ ಇಲ್ಲವೆಂದು ತಲೆಯಾಡಿಸಿದಳು. ಮುತ್ತಮ್ಮ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ನನ್ ಮಗ ಗಡೀಲವ್ನೆ ಸಾ. ಅವನ್ ಎದುರ್ಗಡೆ ನಿಂತಿರೋನ್ಗೂ ಒಬ್ಳು ಅವ್ವ ಇರ್ತಾಳೆ. ದಿನಾ ದೇವ್ರ ಮುಂದೆ ನಾನೂ ಇವ್ಳು ಬರ್ದಿದ್ನೇ ಬೇಡ್ಕತೀನಿ. ಇದು ಕೇಸಾದ್ರೆ ನನ್ನೆಸ್ರೂ ಬರ್ಕಳಿ."

"ನಂದೂವೆ ಬರ್ಕಳಿ ಸಾ," ಬಾಗಿಲಲ್ಲಿದ್ದ ಒಬ್ಬಾಕೆ ಅಂದಳು. ಅವಳ ಹಿಂದಿದ್ದವಳೂ ಅಂದಳು. ಹೆಂಗಸರೆಲ್ಲ ಒಳಬಂದು ಠಾಣೆಯ ನೆಲದ ಮೇಲೆ ಕೂತುಬಿಟ್ಟರು. ಸೈನಿಕನ ತಾಯಿಯನ್ನು ದೇಶದ್ರೋಹಿ ಎಂದು ಬರೆಯುವುದು ಹೇಗೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ.

ಇನ್ಸ್‌ಪೆಕ್ಟರ್ ಒಳಕೋಣೆಗೆ ಹೋಗಿ ಮೇಲಿನವರೊಂದಿಗೆ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಹೊರಬಂದವರು ಯಾರ ಮುಖವನ್ನೂ ನೋಡಲಿಲ್ಲ.

"ಕೇಸಿಲ್ಲ. ಕರ್ಕೊಂಡು ಹೋಗಿ."

ಗೇಟಿನ ಬಳಿ ಕ್ಷಮೆಯ ವಿಡಿಯೋಗಾಗಿ ಹುಡುಗರು ಫೋನು ಎತ್ತಿ ಹಿಡಿದು ನಿಂತಿದ್ದರು. ಸೊಸೆಯ ಕೈ ಹಿಡಿದು ಮುತ್ತಮ್ಮ ನೇರ ಅವರ ಎದುರಿಗೇ ಬಂದಳು. ಹಿಂದೆ ಬರುತ್ತಿದ್ದ ಹೆಂಗಸರನ್ನು ನೋಡಿ ಫೋನುಗಳು ಒಂದೊಂದಾಗಿ ಕೆಳಗಿಳಿದವು.

"ಯಾಕ್ರಪ್ಪಾ ಇಳಿಸ್ಬುಟ್ರಿ? ಇಡ್ಕಳಿ. ಅವನೆಂಡ್ತಿ ಎಂಗೆ ನಿಂತವ್ಳೆ ಅಂತ ನನ್ ಮಗನೂ ನೋಡ್ಲಿ."