ಗುಟ್ಟು ಸೋರಿದ ದಾರಿ

ಮೂರನೆಯ ಸಲವೂ ಚೆಂಡು ತ್ರೆಹೀರ್‌ನವರ ಕೈಗೇ ಸೇರಿತು.

ಗೆರೆಯಾಚೆ ನಿಂತಿದ್ದ ಪಾಂಟ್‌ವೆಲಿನ್ ತಂಡದ ಕೋಚ್ ಎಮ್ಲಿನ್ ಪ್ರಾಸರ್ ಹಲ್ಲು ಕಚ್ಚಿದ. ಇದು ಅದೃಷ್ಟದ ಮಾತಲ್ಲ. ರಗ್ಬಿಯಲ್ಲಿ ಚೆಂಡು ಗೆರೆ ದಾಟಿ ಹೋದಾಗ ಎರಡೂ ತಂಡದವರು ಸಾಲುಗಟ್ಟಿ ನಿಲ್ಲುತ್ತಾರೆ. ಚೆಂಡು ಯಾರತ್ತ ಹಾರುತ್ತದೆ, ಯಾರನ್ನು ಎತ್ತಿ ಹಿಡಿಯಬೇಕು ಎಂಬುದು ಒಂದು ಗುಟ್ಟಿನ ಕೂಗಿನಲ್ಲಿರುತ್ತದೆ. ಅದು ತನ್ನ ತಂಡಕ್ಕಷ್ಟೇ ತಿಳಿದಿರಬೇಕು. ಎಮ್ಲಿನ್ 'ಕಪ್ಪು ಸಿಂಹ' ಎಂದು ಕೂಗಿದೊಡನೆ ತ್ರೆಹೀರ್‌ನ ಉದ್ದನೆಯ ಆಟಗಾರ ಸಾಲಿನ ತುದಿಯಲ್ಲಿ ಗಾಳಿಗೇರಿದ್ದ, ತನಗೇ ಹೇಳಿದ ಹಾಗೆ. ಚೆಂಡು ಎಸೆಯಬೇಕಾದ ತನ್ನ ಓಶಾನ್ ಮಾತ್ರ ಬಾಯಿ ಬಿಟ್ಟುಕೊಂಡು ಇವನನ್ನೇ ನೋಡಿದ. ಆಮೇಲೆ ಎಲ್ಲಿಗೋ ಎಸೆದ.

ಕೂಗು ಹೊಚ್ಚ ಹೊಸದು. ಎಮ್ಲಿನ್ ಅದನ್ನು ಕಲಿಸಿದ್ದು ಗುರುವಾರ ಸಂಜೆ, ಸುರಿಯುವ ಮಳೆಯಲ್ಲಿ, ಗಂಟಲು ಕಟ್ಟುವ ತನಕ. ಹುಡುಗರು ಎಷ್ಟು ಚೆನ್ನಾಗಿ ಹಾರಿದ್ದರು! ಮನೆ ಸೇರುವಾಗ ಒಂಬತ್ತೂವರೆ. "ಮೈದಾನ ಇಲ್ಲೇ ಬೀದಿಯ ಕೊನೆಗಿದೆ. ನಡ್ಕೊಂಡು ಬಂದ್ರೂ ಇಷ್ಟು ಹೊತ್ತಾಗಲ್ಲ," ಎಂದು ಹೆಂಡತಿ ನೆರಿಸ್ ಸಿಡುಕಿದ್ದಳು.

ಯಾರು ಬಾಯಿಬಿಟ್ಟಿರಬಹುದು? ಯೋಚಿಸುವ ಅಗತ್ಯವೇ ಇರಲಿಲ್ಲ. ನಿನ್ನೆ ಕ್ಲಬ್ಬಿನ ಬಾರಿನವನು ಲೋಟ ಒರೆಸುತ್ತ ಹೇಳಿದ್ದ: "ನಿಮ್ಮ ಗೆರೈಂಟ್ ಕಾರು ಗುರುವಾರ ತ್ರೆಹೀರ್ ಮೈದಾನದ ಹೊರಗೆ ನಿಂತಿತ್ತಪ್ಪ. ಅವರಿಗೆ ಶರತ್ಕಾಲದಿಂದ ಕೋಚ್ ಇಲ್ಲ, ಗೊತ್ತಲ್ಲ?"

ಗೆರೈಂಟ್ ಅವನ ಸಹಾಯಕ. ಅದಕ್ಕೂ ಮೊದಲು ಗೆಳೆಯ. ಇಬ್ಬರೂ ಅದೇ ತ್ರೆಹೀರ್ ತಂಡದಲ್ಲಿ ಹದಿನಾಲ್ಕು ವರ್ಷ ಹೆಗಲಿಗೆ ಹೆಗಲು ಕೊಟ್ಟು ಆಡಿದವರು. ಎಮ್ಲಿನ್ ಮೂರು ಸಲ ವೇಲ್ಸ್ ದೇಶದ ತಂಡದ ಕೆಂಪಂಗಿ ತೊಟ್ಟವನು. ಮೂಗು ಎಷ್ಟು ಸಲ ಮುರಿಯಿತು, ಹುಬ್ಬಿಗೆ ಎಷ್ಟು ಸಲ ಹೊಲಿಗೆ ಬಿತ್ತು ಎಂದು ಹೇಳಬಲ್ಲ. ತಲೆಗೆ ಬಿದ್ದ ಪೆಟ್ಟುಗಳನ್ನು ಯಾರೂ ಎಣಿಸಿರಲಿಲ್ಲ. ಮಂಡಿ ಕೈಕೊಟ್ಟ ಮೇಲೆ ಅಲ್ಲೇ ಒಂಬತ್ತು ವರ್ಷ ಕೋಚ್ ಆಗಿದ್ದ. ಕಳೆದ ವರ್ಷ ಪಾಂಟ್‌ವೆಲಿನ್ ಕರೆದಾಗ ಗೆರೈಂಟ್‌ನನ್ನು ಜೊತೆಗೆ ಕರೆತಂದವನೂ ಅವನೇ.

ಅರ್ಧ ಆಟ ಮುಗಿದಾಗ ಹದಿನೇಳು–ಸೊನ್ನೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗರು ತಲೆ ತಗ್ಗಿಸಿ ಬೂಟಿನ ಕೆಸರು ಕೆರೆಯುತ್ತಿದ್ದರು.

"ಕೋಚ್, ಆ ಕೂಗು..." ಓಶಾನ್ ಶುರುಮಾಡಿದ.

"ನೀನು ಸುಮ್ನಿರೋ," ಎಂದ ಗೆರೈಂಟ್, ಥಟ್ಟನೆ.

"ಯಾಕೆ ಸುಮ್ನಿರಬೇಕು?" ಎಮ್ಲಿನ್ ತಿರುಗಿದ. "ಬಣ್ಣ ಬಯಲಾಗುತ್ತೆ ಅಂತಲಾ? ಗುರುವಾರ ಅಭ್ಯಾಸದಲ್ಲಿ ನಿನ್ನ ಮುಖ ನೋಡಿದ ನೆನಪೇ ಇಲ್ಲ ನಂಗೆ. ಎಲ್ಲಿದ್ದೆ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆರೈಂಟ್ ಅವರತ್ತ ಅಂಗೈ ಎತ್ತಿ ತೋರಿಸಿದ, ತಡೆಯುವವನಂತೆ.

"ಎಮ್, ಹೊರಗೆ ಬಾ. ಇಬ್ರೇ ಮಾತಾಡೋಣ."

"ಇಲ್ಲೇ ಹೇಳು. ತ್ರೆಹೀರ್‌ಗೆ ಹೋಗಿದ್ದೆಯೋ ಇಲ್ವೋ?"

"ಹೋಗಿದ್ದೆ."

"ಯಾಕೆ?"

ಗೆರೈಂಟ್ ಒಮ್ಮೆ ಹುಡುಗರನ್ನು ನೋಡಿದ.

"ನೋಡಿದ್ರೇನ್ರೋ?" ಎಮ್ಲಿನ್‌ನ ದನಿ ಬಿರಿಯಿತು. "ಒಂದೇ ತಟ್ಟೆಯಲ್ಲಿ ಉಂಡವನು! ಉಂಡ ಮನೆಯ ಗಳ ಎಣಿಸಿ ಬಂದಿದ್ದಾನೆ. ಹೋಗು, ಗೆರೈಂಟ್. ಇನ್ನು ಈ ಮೈದಾನದಲ್ಲಿ ಕಾಲಿಡಬೇಡ."

ಗೆರೈಂಟ್ ಕೊಕ್ಕೆಯಿಂದ ಕೋಟು ತೆಗೆದುಕೊಂಡ. ಬಾಗಿಲ ಬಳಿ ನಿಂತು ಓಶಾನ್‌ನ ಕಿವಿಯಲ್ಲಿ ಹೇಳಿದ ಮಾತು ಎಮ್ಲಿನ್‌ಗೂ ಕೇಳಿಸಿತು: "ಆಟ ಮುಗಿದ ಮೇಲೆ ಅವನನ್ನ ಒಬ್ಬನೇ ಬಿಡಬೇಡ್ರೋ."

ಬೆದರಿಕೆ ಬೇರೆ, ಎಂದುಕೊಂಡ ಎಮ್ಲಿನ್.

ಮೂವತ್ತೊಂದು–ಹತ್ತರಲ್ಲಿ ಸೋತರು. ಸಂಜೆ ಕ್ಲಬ್ಬಿನ ಹಾಲ್‌ನಲ್ಲಿ ಎರಡೂ ತಂಡದವರಿಗೆ ಮಾಂಸದುಂಡೆ, ಬಟಾಣಿ, ಬಿಯರ್. ಎಮ್ಲಿನ್ ಮೂಲೆಯ ಮೇಜು ಹಿಡಿದು ಕುಳಿತ. ತಟ್ಟೆ ಮುಟ್ಟಲಿಲ್ಲ. ನಲವತ್ತು ವರ್ಷದ ಗೆಳೆತನವನ್ನು ಎರಡು ನಿಮಿಷದಲ್ಲಿ ಹರಿದೆಸೆದಿದ್ದ. ಹರಿದದ್ದು ಸರಿಯೇ. ಆದರೂ ಎದೆಯೊಳಗೆ ಯಾರೋ ಮಂಡಿಯೂರಿ ಕೂತಂತಿತ್ತು. ಓಶಾನ್ ಎರಡು ಮೇಜಿನಾಚೆ ಕುಳಿತು ಇವನಿಂದ ಕಣ್ಣು ತೆಗೆಯಲಿಲ್ಲ.

ತ್ರೆಹೀರ್‌ನ ನಾಯಕ ತೇಲೋ ಎರಡು ಲೋಟ ಹಿಡಿದು ಬಂದ. ತುದಿಯಲ್ಲಿ ಹಾರಿದ ಅದೇ ಉದ್ದನೆಯ ಹುಡುಗ. ಒಂದನ್ನು ಎಮ್ಲಿನ್ ಮುಂದಿಟ್ಟ.

"ಅಣಕಿಸೋಕೆ ಬಂದ್ಯಾ?" ಎಂದ ಎಮ್ಲಿನ್.

"ಅಯ್ಯೋ, ಇಲ್ಲ ಕೋಚ್. ನಿಮ್ಮ ಮುಖ ನೋಡೋಕೇ ನಾಚಿಕೆ ಆಗ್ತಿದೆ. ಕೂಗು ಕಿವಿಗೆ ಬಿತ್ತು, ಕಾಲು ತಾನಾಗೇ ಹಾರಿತು."

"ಗೆರೈಂಟ್ ಚೆನ್ನಾಗೇ ಕಲಿಸಿದಾನೆ."

"ಗೆರೈಂಟಾ?" ತೇಲೋ ಹುಬ್ಬು ಗಂಟಿಕ್ಕಿದ. "ಅವರು ಗೇಟಿನ ಒಳಗೇ ಬರಲಿಲ್ಲ. ಮಳೇಲಿ ಬೇಲಿ ಹಿಡ್ಕೊಂಡು ನಿಂತಿದ್ರು. ಕಣ್ಣು ಒರೆಸ್ಕೊಳ್ತಾ ಇದ್ದಂಗಿತ್ತು. ಕೊನೆಗೆ ನಿಮ್ಮ ಕಾರಿನ ಹಿಂದೇನೇ ಹೋದ್ರು."

"ನನ್ನ ಕಾರು..." ಎಂದ ಎಮ್ಲಿನ್.

ತೇಲೋ ಅವನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟ.

"ಎದುರಾಳಿ ತಂಡದ ಕೋಚ್ ಆಗಿದ್ರೂ ಹಳೇ ಕ್ಲಬ್ಬು ಅಂತ ನಾಲ್ಕು ಗುರುವಾರದಿಂದ ಬಂದು ನಮಗೆ ಕಲಿಸ್ತಿದ್ದೀರಲ್ಲ, ಅದು ಸಾಮಾನ್ಯ ಮಾತಲ್ಲ ಕೋಚ್, ನಮ್ಮನ್ನೆಲ್ಲ ನಿಮ್ಮ ಜೊತೆ ಆಡ್ತಿದ್ದ ನಮ್ಮ ಅಪ್ಪಂದಿರ ಹೆಸರು ಹಿಡಿದು ಕರೀತೀರಿ, ಅದಕ್ಕೂ ಯಾರೂ ಬೇಜಾರು ಮಾಡ್ಕೊಂಡಿಲ್ಲ."