ಬೆನ್ನು ತೋರಿಸಿದ ನಾಯಕಿ

"ಇನ್ನೊಂದು ಸಲ," ಎಂದಳು ಹೆಸ್ಟರ್.

ಗಾಜಿನ ಸೂರಿನ ಸಿನಿಮಾ ಸ್ಟುಡಿಯೋದಲ್ಲಿ ಎಲ್ಲರೂ ಮುಖ ಸಿಂಡರಿಸಿದರು. ಪ್ರೇಮದ ದೃಶ್ಯವನ್ನು ಅದಾಗಲೇ ಎರಡು ಸಲ ತೆಗೆದಾಗಿತ್ತು. ನಾಯಕ ರೂಪರ್ಟ್ ಅವಳ ಗಂಡ. ಇಂಗ್ಲೆಂಡಿನ ಜನ ಆ ಜೋಡಿಯನ್ನು ಪರದೆಯ ಮೇಲೆ ಕಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಪರದೆಯಾಚೆ ಅವರಿಬ್ಬರೂ ಹಾವು ಮುಂಗುಸಿ. ಆರು ವರ್ಷದ ಮಗಳು ನೆಲ್‌ಳನ್ನು ಅವನು ತನ್ನ ತಾಯಿಯ ಮನೆಯಲ್ಲಿಟ್ಟು, ಹೆಸ್ಟರ್ ಬಂದರೆ ಬಾಗಿಲು ತೆರೆಯಬೇಡಿ ಎಂದಿದ್ದ. ಮಗು ಯಾರಿಗೆ ಸೇರಬೇಕೆಂಬ ದಾವೆ ವಸಂತದಲ್ಲಿ ವಿಚಾರಣೆಗೆ ಬರುವುದಿತ್ತು. ಗೆಲ್ಲುವ ನಂಬಿಕೆ ಹೆಸ್ಟರಳ ವಕೀಲನಿಗೇ ಇರಲಿಲ್ಲ.

ಆವತ್ತು ಅವಳ ಬಿಂಕ ಮಿತಿಮೀರಿತ್ತು. ಚುಚ್ಚುತ್ತದೆಂದು ಹಟ ಹಿಡಿದು ಗಂಡನ ಮೀಸೆ ತೆಗೆಸಿದ್ದಳು. ಈಗ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಳು.

"ಈ ಕಡೆ ತಿರುಗಮ್ಮ, ಬೆನ್ನು ನೋಡೋಕೆ ಯಾರು ಕಾಸು ಕೊಡ್ತಾರೆ?" ಎಂದ ನಿರ್ದೇಶಕ ಗಾರಿಂಜ್.

"ಅವರ ಮುಖಾನೇ ಕಾಣ್ಲಿ. ನನ್ನ ಮುಖಕ್ಕೆ ವಯಸ್ಸಾಯ್ತು."

"ಕೊನೆಗೂ ಗೊತ್ತಾಯ್ತಲ್ಲ," ಎಂದ ರೂಪರ್ಟ್. ಕೆಲಸದವರು ನಕ್ಕರು.

ಕ್ಯಾಮೆರಾದ ಹಿಡಿ ಗರಗರ ತಿರುಗಿತು. ಪಕ್ಕದಲ್ಲಿ ಬಡಗಿಗಳು ಮೊಳೆ ಹೊಡೆಯುತ್ತಿದ್ದರು. ಚಿತ್ರಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಅಪ್ಪಿಕೊಂಡು ಏನು ಬೈದುಕೊಂಡರೂ ಕೇಳುವವರಿಲ್ಲ.

"ನಾನೇ ಮೆಟ್ಟಿಲಿಂದ ಜಾರಿಬಿದ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ಯಲ್ಲ, ನಾಚಿಕೆ ಆಗಲ್ವಾ?" ಪಿಸುಗುಟ್ಟಿದಳು ಹೆಸ್ಟರ್.

ರೂಪರ್ಟ್ ಅವಳ ಗಲ್ಲ ಹಿಡಿದು ಮಧುರವಾಗಿ ನಕ್ಕ. "ತಳ್ಳಿದ್ದು ನಾನೇ. ಕೈ ಮುರಿದಿದ್ದೂ ನಾನೇ. ನೆಲ್ ನಿನಗೋಸ್ಕರ ಅತ್ತಾಗ ಅವಳಿಗೂ ಬೆಲ್ಟಲ್ಲಿ ಬಿಗಿದೆ. ಹೋಗಿ ಹೇಳು, ಯಾರು ನಂಬ್ತಾರೆ ನೋಡೋಣ."

ಮಗುವಿಗೂ ಹೊಡೆದಿದ್ದು ಅವಳಿಗೆ ಗೊತ್ತಿರಲಿಲ್ಲ. ಆದರೂ ಹಿಡಿ ನಿಲ್ಲುವ ತನಕ ಅವನ ತೋಳಿನಲ್ಲಿ ಕದಲದೆ ನಿಂತಳು.

"ಸಾಕು," ಎಂದಳು ಗಾರಿಂಜ್‌ಗೆ. "ಇದನ್ನೇ ಇಟ್ಕೊಳ್ಳಿ."

ವಸಂತದಲ್ಲಿ ಅವಳ ವಕೀಲ ಎದ್ದು ನಿಂತು, ಆ ದೃಶ್ಯವನ್ನು ನ್ಯಾಯಾಲಯದಲ್ಲೇ ತೋರಿಸಲು ಅನುಮತಿ ಕೇಳಿದ. ರೂಪರ್ಟ್ ತನ್ನ ವಕೀಲನ ತೋಳು ತಟ್ಟಿದ. "ತೋರಿಸ್ಲಿ ಬಿಡಿ. ನಾನೆಂಥಾ ಗಂಡ ಅಂತ ನ್ಯಾಯಾಧೀಶರೂ ನೋಡ್ಲಿ."

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ಪರದೆಯ ಮೇಲೆ ರೂಪರ್ಟ್ ಹೆಂಡತಿಯ ಗಲ್ಲ ಹಿಡಿದು ನಕ್ಕ. ಹಿಂದಿನ ಬೆಂಚಿನಲ್ಲಿ ಯಾರೋ ನಿಟ್ಟುಸಿರಿಟ್ಟರು.

ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಕಿವುಡರ ಶಾಲೆಯ ಉಪಾಧ್ಯಾಯಿನಿ, ತಾನೂ ಕಿವುಡಿಯಾದವಳು, ಅವನ ತುಟಿಗಳಿಂದ ಕಣ್ಣು ಕೀಳದೆ, ಅವನಾಡಿದ ಒಂದೊಂದೇ ಮಾತನ್ನು ಗಟ್ಟಿಯಾಗಿ ಹೇಳತೊಡಗಿದಳು.